ತಿರುಗಿ ನೋಡುವವಳು – ಕಂತು ೭: ಒಪ್ಪುಗೆರೆ

"ಇಳೀರಿ ಕೆಳಗೆ! ಅದು ನಮ್ಮ ಮನೆ ಗೋಡೆ, ನಿಮ್ಮ ಸ್ಟೇಷನ್ ಬೆಂಚಲ್ಲ!"

ಸಾರುವೆಯ ಹಲಗೆ ಮೇಲೆ ಮಂಡಿಯೂರಿ ಕುಳಿತಿದ್ದ ಇನ್ಸ್‌ಪೆಕ್ಟರ್ ಕತ್ತು ತಿರುಗಿಸಲಿಲ್ಲ. ಗೋಡೆಗೂ ಆಕೆಯ ಮೂಗಿಗೂ ಒಂದು ಗೇಣು ಅಂತರ. ಆ ಗೇಣಿನ ನಡುವೆ ಭೂತಗನ್ನಡಿ.

ಆ ಗಾಜಿನ ದೆಸೆಯಿಂದ ಊರು ಆಕೆಗೆ ಅದೇ ಹೆಸರಿಟ್ಟಿತ್ತು. "ಭೂತಗನ್ನಡಿ ಬಂತು ಕಣ್ರೇ, ನಿಮ್ಮ ನಿಮ್ಮ ಭೂತ ಒಳಗೆ ಹಾಕ್ಕೊಳ್ಳಿ" ಎಂದು ಮೂಲೆ ಅಂಗಡಿಯವಳು ಬೆಳಿಗ್ಗೆ ಆಕೆಗೆ ಕೇಳಿಸಲೆಂದೇ ಕೂಗಿದ್ದಳು. ಬೀದಿಯುದ್ದಕ್ಕೂ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡಿದ್ದವು.

"ಕಿವಿ ಕೇಳಿಸುತ್ತೋ ಇಲ್ವೋ?" ಕೆಳಗಿನಿಂದ ಮನೆಯ ಯಜಮಾನಿ ಮತ್ತೆ ದನಿಯೆತ್ತಿದಳು.

"ಕೇಳಿಸುತ್ತಮ್ಮ. ಕಣ್ಣಿನ ಕೆಲಸ ಮುಗೀಲಿ, ಆಮೇಲೆ ಕಿವಿ ಕೊಡ್ತೀನಿ."

"ಕಿವಿ ಕೊಡ್ತಾಳಂತೆ! ನಲವತ್ತೊಂದು ವರ್ಷ ಆಯ್ತು ನಾನು ಈ ಮನೆಗೆ ಸೊಸೆಯಾಗಿ ಬಂದು. ಇವತ್ತಿನವರೆಗೆ ಒಂದು ಮೊಳೆ ಹೊಡೆದವಳಲ್ಲ. ಕ್ಯಾಲೆಂಡರ್ ನೇತುಹಾಕೋಕೆ ಪರಂಪರೆ ಕಚೇರಿಗೆ ಅರ್ಜಿ. ಕಿಟಕಿ ಗಾಜು ಒಡೆದರೆ ಅರ್ಜಿ. ಒದ್ದೆ ಬಟ್ಟೆ ಬೀದಿ ಕಡೆ ಹರವಿದರೆ ನೋಟೀಸು. ವಾರಕ್ಕೆ ಎರಡು ದಿನ ಈ ಗೋಡೆಯ ಚಿತ್ರ ನೋಡೋಕೆ ಅಂತ ಕಂಡಕಂಡವರೆಲ್ಲ ಬೂಟುಗಾಲಲ್ಲಿ ಬಂದು ನನ್ನ ನಡುಮನೇಲಿ ಬಾಯಿ ತೆರಕೊಂಡು ನಿಲ್ತಾರೆ. ಒಳಗೆ ನಾನು ಪಾತ್ರೆ ಸದ್ದು ಮಾಡಿದರೆ 'ಶ್' ಅಂತಾರೆ. ನನ್ನ ಮನೇಲಿ ನನಗೇ ಶ್!"

"ಹಾಗಾದರೆ ಮುಖ ಹೋದದ್ದು ನಿಮಗೆ ಒಳ್ಳೇದೇ ಆಯ್ತಲ್ಲ."

ಯಜಮಾನಿಯ ದನಿ ಇಳಿಯಿತು, ಹಗೆ ಇಳಿಯಲಿಲ್ಲ.

"ಪೂರ್ತಿ ಗೋಡೆ ಹೋಗಿದ್ದರೆ ಇನ್ನೂ ಒಳ್ಳೇದಿತ್ತು. ಬರ್ಕೊಳ್ಳಿ. ನನಗೇನೂ ಹೆದರಿಕೆ ಇಲ್ಲ."

ಹನ್ನೊಂದು ದಿನದ ಹಿಂದೆ, ಈ ಗೋಡೆಯ ಚಿತ್ರದಿಂದ ಊಟದ ತಟ್ಟೆಯಗಲದ ಮುಖವೊಂದನ್ನು ಗಾರೆ ಸಮೇತ ಕೊಯ್ದು ತೆಗೆದು, ಅದೇ ಜಾಗದಲ್ಲಿ ನಕಲು ಬರೆದಿಟ್ಟಿದ್ದರು; ತಾನೇ ತೆಗೆದದ್ದೆಂದು ಈ ಮನೆಯ ಗಾರೆ ಕೆಲಸ ನೋಡಿಕೊಳ್ಳುವ ಗಾರೆಯವನು ಒಪ್ಪಿಕೊಂಡು ಲಾಕಪ್ಪಿನಲ್ಲಿದ್ದ; ನಾಳೆ ಹನ್ನೊಂದು ಗಂಟೆಗೆ ಅವನನ್ನು ಕೋರ್ಟಿಗೆ ಒಯ್ಯಬೇಕು.

ಹೋದದ್ದು ಸಾಮಾನ್ಯ ಮುಖವಲ್ಲ. ಮುನ್ನೂರು ವರ್ಷದ ಆ ಚಿತ್ರದಲ್ಲಿ ಉದ್ದನೆಯ ಕಿಟಕಿಯೊಂದರ ಬಳಿ ಹನ್ನೆರಡು ಹೆಂಗಸರು ಕುಳಿತು ಯಾರದೋ ವಾದ್ಯ ಕೇಳುತ್ತಿದ್ದಾರೆ. ಹನ್ನೊಂದು ಜನರ ದೃಷ್ಟಿ ವಾದ್ಯದ ಮೇಲೆ. ಒಬ್ಬಳು ಮಾತ್ರ ಯಾರೋ ಕರೆದ ಹಾಗೆ ಹಿಂದಕ್ಕೆ ತಿರುಗಿದ್ದಾಳೆ. ಊರಿಗೆಲ್ಲ ಅವಳು 'ತಿರುಗಿ ನೋಡೋಳು'. ಬಸ್ ಟಿಕೆಟಿನ ಮೇಲೆ ಅವಳೇ, ಬಿಸ್ಕತ್ತಿನ ಡಬ್ಬಿ ಮೇಲೆ ಅವಳೇ, ಕ್ಷೌರದಂಗಡಿಯ ಕನ್ನಡಿಯ ಮೂಲೆಯಲ್ಲೂ ಅವಳೇ.

ಯಜಮಾನಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆ ಸೇರಿ ಎಂಟು ದಿನ ಮನೆಗೆ ಬೀಗ ಬಿದ್ದಿತ್ತು. ಬೀಗದ ಕೈ ಇದ್ದದ್ದು ಮೂವರಲ್ಲಿ. ಒಂದು ಆಕೆಯ ತಲೆದಿಂಬಿನಡಿ. ಒಂದು ಚಿತ್ರ ರಿಪೇರಿಯ ಮೇಷ್ಟರ ಕೋಟಿನಲ್ಲಿ. ಇನ್ನೊಂದು ಗಾರೆಯವನ ಸೊಂಟದಲ್ಲಿ. ಆಕೆ ವಾಪಸು ಬಂದು ಬಾಗಿಲು ತೆಗೆದರೆ ಹಸಿ ಸುಣ್ಣದ ವಾಸನೆ.

ಗಾರೆಯವನ ಹೆಂಡತಿ ಬೆಳಗಿನಿಂದ ಒಳಾಂಗಣದ ಕಟ್ಟೆ ಮೇಲೆ ಕುಳಿತಿದ್ದಳು. ನಾಳೆ ಗಂಡ ಹಾಕಿಕೊಂಡು ಹೋಗಲೆಂದು ಇಸ್ತ್ರಿ ಮಾಡಿದ ಅಂಗಿ ತೊಡೆಯ ಮೇಲಿತ್ತು. "ಅಕ್ಕಾ, ಇವರ ಕೈಯಲ್ಲ ಅಂತ ಒಂದೇ ಒಂದು ಗುರುತು ತೋರಿಸಿ. ಒಂದು ಸಾಕು" ಅಂದಿದ್ದಳು.

ಆ ಒಂದು ಈಗ ಗಾಜಿನ ಕೆಳಗಿತ್ತು.

ನಕಲು ಮುಖದ ಎಡಗಿವಿಯ ಕೆಳಗೆ ಹೆಬ್ಬೆಟ್ಟಿನಗಲದ ಜಾಗ. ಬರಿಗಣ್ಣಿಗೆ ಅಲ್ಲೇನೂ ಇಲ್ಲ, ನಸುಗೆಂಪು ಚರ್ಮ ಅಷ್ಟೆ. ಗಾಜಿಟ್ಟರೆ ಗೆರೆಗಳು. ಕೂದಲಿಗಿಂತ ಸಣ್ಣ, ನೆಟ್ಟಗೆ ನಿಂತ, ಒಂದರ ಪಕ್ಕ ಒಂದು. ಆಕೆ ಎಣಿಸಿದಳು. ಹದಿನೇಳು.

ಚಿತ್ರ ರಿಪೇರಿಯವರು ಅದಕ್ಕೆ ಒಪ್ಪುಗೆರೆ ಅನ್ನುತ್ತಾರೆ. ಹಳೆ ಬಣ್ಣ ಉದುರಿದ ಕಡೆ ಸುಮ್ಮನೆ ಬಳಿದು ಮುಚ್ಚುವ ಹಾಗಿಲ್ಲ. ಹೀಗೆ ಗೆರೆಗೆರೆಯಾಗಿಯೇ ತುಂಬಬೇಕು. ದೂರ ನಿಂತರೆ ಗೆರೆಗಳೆಲ್ಲ ಕೂಡಿ ಒಂದೇ ಬಣ್ಣ. ಹತ್ತಿರ ಬಂದರೆ ಗೆರೆ ಬಾಯಿಬಿಡುತ್ತದೆ: ನಾನು ಹಳಬಳಲ್ಲ, ಆಮೇಲೆ ಬಂದವಳು. ಹತ್ತಿರ ಬಂದವರಿಗೆ ಸುಳ್ಳು ಹೇಳಬಾರದು ಎನ್ನುವುದು ಆ ಕಸುಬಿನ ಮೊದಲ ಪಾಠ.

ಆಕೆ ಜೇಬಿನಿಂದ ಒಂದು ಫೋಟೋ ತೆಗೆದಳು. ಪರಂಪರೆ ಕಚೇರಿಯ ಕಡತದಿಂದ ತಂದದ್ದು, ಎಂಟು ವರ್ಷ ಹಳೆಯದು. ಅದೇ ಕಿವಿ, ಅದೇ ಕೊರಳು. ಕಿವಿಯ ಕೆಳಗೆ ಒಂದು ಬಿರುಕಿಲ್ಲ, ಒಂದು ಗೆರೆಯಿಲ್ಲ.

"ಮೇಷ್ಟರನ್ನ ಕರೀರಿ" ಎಂದಳು.

"ಕರೆಯೋದೇನು, ಬಾಗಿಲ ಹಿಂದೇ ನಿಂತಿರ್ತಾನೆ ನಮ್ಮ ಮೈದುನ. ಈ ಮನೇಲಿ ಹುಟ್ಟಿದೆ ಅನ್ನೋ ನೆವ. ಅಣ್ಣ ಸತ್ತು ಮನೆ ನನ್ನ ಹೆಸರಿಗೆ ಬಂದಾಗಿನಿಂದ ಹಗಲೆಲ್ಲ ಇಲ್ಲೇ ಗೋಡೆ ಕಾಯ್ತಾನೆ."

ಮೇಷ್ಟರು ನಿಜಕ್ಕೂ ಬಾಗಿಲ ಹಿಂದೆಯೇ ಇದ್ದರು. ಅರವತ್ತು ದಾಟಿದ ಸಪೂರ ಆಳು, ಬಿಳಿ ಕೋಟು, ಎದೆಜೇಬಿನಲ್ಲಿ ಸಾಲಾಗಿ ಕುಂಚಗಳು.

"ಮೆಲ್ಲಗೆ ಮಾತಾಡಿ ಅತ್ತಿಗೆ. ನಿಮ್ಮ ದನಿಗೆ ಗೋಡೆ ಉದುರುತ್ತೆ."

"ಉದುರಲಿ. ತೇಪೆ ಹಾಕೋಕೆ ನೀನಿದ್ದೀಯಲ್ಲ."

ಮೇಷ್ಟರು ಏಣಿ ಹತ್ತಿದರು. ಹಲಗೆ ಮೇಲೆ ಇಬ್ಬರಿಗೆ ಸಾಲುವಷ್ಟು ಜಾಗವಿರಲಿಲ್ಲ. ಇಬ್ಬರೂ ಸರಿಯಲಿಲ್ಲ.

"ಸಂಜೆಯೊಳಗೆ ಈ ಕೇಸು ಮುಚ್ತೀವಿ ಅಂತ ನಿಮ್ಮ ಸಾಹೇಬರು ನನಗೆ ಹೇಳಿದ್ದಾರೆ ಮೇಡಂ."

"ಮುಚ್ಚೋ ಮುಂಚೆ ಒಂದು ಸಲ ತೆರೆದು ನೋಡ್ತಿದ್ದೀನಿ."

"ನೋಡೋದೇನಿದೆ? ಗಾರೆಯವನು ಒಪ್ಪಿಕೊಂಡಿದ್ದಾನೆ."

"ಗೋಡೆಯೂ ಒಪ್ಪಿಕೊಂಡಿದೆ ಮೇಷ್ಟರೇ. ಇಬ್ಬರ ಹೇಳಿಕೆ ತಾಳೆ ಆಗ್ತಿಲ್ಲ."

ಆಕೆ ಗಾಜನ್ನು ಕೊಟ್ಟಳು. ಮೇಷ್ಟರು ಅಸಡ್ಡೆಯಿಂದ ತೆಗೆದುಕೊಂಡು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಅವರ ಉಸಿರು ಗೋಡೆಗೆ ತಾಗಿ ವಾಪಸು ಬರುವುದು ಆಕೆಗೆ ಕೇಳಿಸುತ್ತಿತ್ತು.

"ಏನದು?" ಆಕೆ ಕೇಳಿದಳು.

"ನಿಮಗೇ ಗೊತ್ತಿದೆಯಲ್ಲ."

"ನಿಮ್ಮ ಬಾಯಲ್ಲಿ ಕೇಳಬೇಕು."

"ಒಪ್ಪುಗೆರೆ."

"ಹಳೆ ಮುಖದಲ್ಲಿ ಅದು ಇರಲಿಲ್ಲ. ಫೋಟೋ ಇಲ್ಲಿದೆ, ನೋಡಿ. ನಕಲು ಮಾಡಿದವರ ಉದ್ದೇಶವೇ ಮೋಸ. ಕಣ್ಣು, ಮೂಗು, ತುಟಿ ಎಲ್ಲ ಕಣ್ಣಿಗೆ ಮಣ್ಣೆರಚೋ ಹಾಗೆ ಬರೆದು, ಕೊನೆಗೆ ಮೂಲೆಯಲ್ಲಿ ಬಣ್ಣ ಸ್ವಲ್ಪ ಕಡಿಮೆ ಬಿದ್ದಿರಬೇಕು. ತುಂಬೋಕೆ ಹೋದಾಗ ಕೈ ತನ್ನ ಪಾಡಿಗೆ ಕಲಿತದ್ದನ್ನ ಮಾಡಿಬಿಟ್ಟಿದೆ. ಕಳ್ಳತನ ಮಾಡೋವಾಗಲೂ ಪಾಠ ಮರೆಯಲಿಲ್ಲ. ಇಂಥ ತಪ್ಪು ಗಾರೆಯವನು ಮಾಡ್ತಾನಾ? ಅವನು ಜನ್ಮದಲ್ಲಿ ಕುಂಚ ಹಿಡಿದಿಲ್ಲ. ಈ ತಪ್ಪು ಮಾಡೋಕೂ ನಿಮ್ಮ ಹತ್ತಿರ ಕಲಿತಿರಬೇಕು."

"ನನ್ನ ಹತ್ತಿರ ಕಲಿತವರು ಹದಿನಾಲ್ಕು ಜನ. ಒಬ್ಬರೂ ಈಗ ಈ ಊರಲ್ಲಿಲ್ಲ."

"ಗೊತ್ತು. ಹದಿನಾಲ್ಕು ಜನರನ್ನೂ ವಿಚಾರಿಸಿ ಆಯ್ತು. ಉಳಿದವರು ಒಬ್ಬರೇ."

ಮೇಷ್ಟರು ನಕ್ಕರು. ಹಲ್ಲಷ್ಟೇ ನಕ್ಕವು.

"ಅಂದರೆ ನಾನು. ಆರು ವರ್ಷದ ಹುಡುಗ ಇದ್ದಾಗಿನಿಂದ ಇವಳ ಕೆಳಗೆ ಚಾಪೆ ಹಾಸ್ಕೊಂಡು ಮಲಗಿ ಬೆಳೆದವನು ನಾನು. ನಮ್ಮಮ್ಮನ ಮುಖ ಮರೆತುಹೋಗಿದೆ, ಇವಳದು ಮರೆತಿಲ್ಲ. ಅಂಥ ನಾನು ಇವಳ ಕತ್ತು ಕೊಯ್ದೆ ಅಂತೀರಿ."

"ಚಿತ್ರ ಅತ್ತಿಗೆಯ ನಡುಮನೆ ಬಿಟ್ಟು ಬೇರೆ ಜಾಗದಲ್ಲಿರಲಿ ಅಂತ ನೀವು ಮೂರು ಸಲ ಕಚೇರಿಗೆ ಬರೆದಿದ್ದೀರಿ."

"ಬರೆದಿದ್ದೀನಿ! ಈ ಹೆಂಗಸು ಒಗ್ಗರಣೆ ಹೊಗೆ ಬಿಡ್ತಾಳೆ ಇವಳ ಮೇಲೆ!"

"ಒಗ್ಗರಣೆ ನನ್ನ ಅಡುಗೆಮನೇಲಿ ಹಾಕದೆ ಇನ್ನೇನು ನಿನ್ನ ತಲೆ ಮೇಲೆ ಹಾಕಲಾ?" ಕೆಳಗಿನಿಂದ ಉತ್ತರ ಬಂತು.

ಮೇಷ್ಟರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಜು ಮತ್ತೆ ಗೋಡೆಗೆ ಹೋಗಿತ್ತು. ಈ ಸಲ ಅವರು ಗೆರೆಗಳ ನಡುವನ್ನು ನೋಡುತ್ತಿರಲಿಲ್ಲ, ತುದಿಗಳನ್ನು ನೋಡುತ್ತಿದ್ದರು. ನಿಧಾನವಾಗಿ ಅವರ ಭುಜ ಸಡಿಲವಾಯಿತು. ಗಾಜನ್ನು ಆಕೆಯ ಕೈಗೆ ತುರುಕಿದರು.

"ಪತ್ತೇದಾರಿಕೆ ಚೆನ್ನಾಗಿದೆ ಮೇಡಂ. ಅರ್ಧ. ಈಗ ಇನ್ನರ್ಧ ನೋಡಿ. ಕುಂಚ ಎಲ್ಲಿ ಎತ್ತುತ್ತೀವೋ ಅಲ್ಲಿ ಬಣ್ಣ ಒಂದು ಚೂರು ದಪ್ಪಗೆ ನಿಲ್ಲುತ್ತೆ, ಸಾಸಿವೆಯ ಕಾಲು ಭಾಗದಷ್ಟು. ಈ ಗೆರೆಗಳಲ್ಲಿ ಆ ದಪ್ಪ ಎಲ್ಲಿದೆ?"

ಆಕೆ ಬಗ್ಗಿದಳು. ಹದಿನೇಳು ಗೆರೆಗೂ ತಲೆಯಲ್ಲಿ ಒಂದೊಂದು ಚುಕ್ಕೆ.

"ಮೇಲುಗಡೆ."

"ಅಂದರೆ ಕೆಳಗಿನಿಂದ ಮೇಲಕ್ಕೆ ಎಳೆದದ್ದು. ನಾನು ಮೂವತ್ತು ವರ್ಷ ಪಾಠ ಹೇಳಿದ್ದು ಮೇಲಿನಿಂದ ಕೆಳಕ್ಕೆ. ತಪ್ಪಿದರೆ ಬೆರಳ ಗಿಣ್ಣಿಗೆ ಬಾರಿಸ್ತಿದ್ದೆ. ನನ್ನ ಹದಿನಾಲ್ಕು ಜನರಲ್ಲಿ ಯಾರನ್ನೇ ನಿದ್ದೆಯಿಂದ ಎಬ್ಬಿಸಿ ಕುಂಚ ಕೊಡಿ, ಮೇಲಿನಿಂದಲೇ ಎಳೀತಾರೆ. ಕೆಳಗಿನಿಂದ ಮೇಲಕ್ಕೆ ಕೈ ಆಡಿಸೋರು ಯಾರು ಹೇಳಿ?"

ಆಕೆಗೆ ಉತ್ತರ ಗೊತ್ತಿತ್ತು. ಅವರೇ ಹೇಳಲೆಂದು ಗಾಜು ಒರೆಸತೊಡಗಿದಳು.

"ಗಾರೆಯವರು! ಗಾರೆ ಜಾರಿ ಬೀಳಬಾರದು ಅಂತ ಕರಣೆಯನ್ನ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಎಳೀತಾರೆ. ಇದು ಕರಣೆ ಹಿಡಿದು ಬೆಳೆದ ಕೈ. ಎಷ್ಟು ವರ್ಷ ನನ್ನ ಬೆನ್ನ ಹಿಂದೆ ನಿಂತು ಕದ್ದು ನೋಡಿದನೋ ಕಳ್ಳ. ಹೋಗಿ, ಕಡತ ಮುಚ್ಚಿ. ನಿಮ್ಮ ಗಾರೆಯವನಿಗೆ ನೇಣುಹಗ್ಗ ನೀವೇ ಹೊಸೆದು ಕೊಟ್ಟ ಹಾಗಾಯ್ತು."

ಕೆಳಗೆ ಯಜಮಾನಿ ಏಣಿಯ ಬುಡಕ್ಕೆ ಬಂದು ನಿಂತಳು.

ಇನ್ಸ್‌ಪೆಕ್ಟರ್ ಫೋಟೋ ಮಡಿಸಿದಳು.

"ಆ ಜಾಗಕ್ಕೆ ಯಾವ ಬಣ್ಣ ಹಾಕಿದ್ದಾರೆ ಮೇಷ್ಟರೇ?"

"ಕೆಂಪು. ಅದರ ಅಡಿಯಲ್ಲಿ ಹಸಿರು. ಚರ್ಮಕ್ಕೆ ಜೀವ ಬರೋದೇ ಅಡಿಯ ಹಸಿರಿನಿಂದ. ಒಂದು ಗೆರೆ ಹಸಿರು, ಒಂದು ಗೆರೆ ಕೆಂಪು. ಸರಿಯಾಗೇ ಹಾಕಿದ್ದಾನೆ."

"ಗಾರೆಯವನ ಮನೆ ಶೋಧಿಸಿದಾಗ ಬಣ್ಣದ ಪುಡಿಯ ಚೀಲಗಳು ಸಿಕ್ಕವು. ಕೆಂಪಿನ ಚೀಲದ ದಾರಕ್ಕೆ ಒಂದು ಗಂಟು, ಹಸಿರಿಗೆ ಎರಡು. ಯಾಕೆ ಅಂತ ಲಾಕಪ್ಪಿನಲ್ಲಿ ಅವನನ್ನ ಕೇಳಿದೆ. ಬಾಯಿ ಬಿಡಲಿಲ್ಲ. ಡಾಕ್ಟರನ್ನ ಕರೆಸಿ ಕಣ್ಣು ಪರೀಕ್ಷೆ ಮಾಡಿಸಿದೆ. ಅವನಿಗೆ ಕೆಂಪು ಹಸಿರು ಎರಡೂ ಒಂದೇ. ಹುಟ್ಟಿನಿಂದ ಹಾಗೇ. ಗಂಟು ಮುಟ್ಟಿ ನೋಡಿ ಚೀಲ ತಂದು ಕೊಡ್ತಾನೆ ಅಷ್ಟೆ. ಗೆರೆ ಗೆರೆಗೂ ಬಣ್ಣ ಬದಲಾಯಿಸೋದು ಅವನಿಂದ ಆಗದ ಮಾತು."

"ಹಾಗಾದರೆ..."

"ಆ ಗಂಟು ಹಾಕಿದವರು ಯಾರು ಅಂತ ನಾನು ಆಗ ಕೇಳಲಿಲ್ಲ. ಕೇಳಬೇಕಾಗಿತ್ತು."

ಮೇಷ್ಟರ ಕಣ್ಣು ಕಿಟಕಿಯ ಕಡೆ, ಕಿಟಕಿಯಾಚೆ ಒಳಾಂಗಣದ ಕಟ್ಟೆ ಮೇಲೆ ಕೂತಿದ್ದ ಗಾರೆಯವನ ಹೆಂಡತಿಯ ಕಡೆ ಹೋಯಿತು.

"ಅವಳು ಬಣ್ಣ ಅರೆಯೋಳು" ಅಂದರು. "ಒಂಬತ್ತು ವರ್ಷದಿಂದ ನನಗೆ ಬಣ್ಣ ಅರೆದು ಕೊಡ್ತಾಳೆ."

"ಅದಕ್ಕೂ ಮುಂಚೆ?"

"ಗಂಡನ ಜೊತೆ ಗಾರೆ ಕೆಲಸ. ಅವಳಪ್ಪನೂ ಗಾರೆಯವನೇ." ತಟ್ಟನೆ ಅವರ ದನಿ ಏರಿತು. "ಇಲ್ಲ! ಅವಳಿಗೆ ನಾನು ಒಂದು ಗೆರೆ ಕಲಿಸಿಲ್ಲ. ಒಂದು ದಿನ ಕುಂಚ ಕೊಟ್ಟಿಲ್ಲ. ಏಣಿ ಕೆಳಗೆ ಕೂತು ಕಲ್ಲಲ್ಲಿ ಅರೀತಿದ್ದಳು. ಆ ಕಣ್ಣು ನೋಡಿ, ಆ ತುಟಿಯ ತುದಿ ನೋಡಿ. ನಾನೇ ಬರೆದಿದ್ದರೂ ಇಷ್ಟು..."

ಕಳ್ಳತನಕ್ಕಿಂತ ಹೆಚ್ಚಾಗಿ ಆ ಕೈಯ ಚೆಂದವೇ ಅವರನ್ನು ಕೊಂದ ಹಾಗಿತ್ತು.

"ಅವಳಲ್ಲ" ಎಂದರು ಮತ್ತೆ, ಯಾರನ್ನೋ ಗದರುವ ಹಾಗೆ. "ಬಣ್ಣ ಅರೆಯೋಳಿಂದ ಆಗೋ ಕೆಲಸ ಅಲ್ಲ ಇದು. ಬರ್ಕೊಳ್ಳಿ."

ಆಕೆ ಬರೆದುಕೊಳ್ಳಲಿಲ್ಲ. ಏಣಿ ಇಳಿದಳು.

ಒಳಾಂಗಣದಲ್ಲಿ ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಿತ್ತು. ಗಾರೆಯವನ ಹೆಂಡತಿ ಎದ್ದು ನಿಂತಳು. ಅಂಗಿ ಮುದುಡದಂತೆ ಎರಡೂ ಅಂಗೈ ಮೇಲೆ ಹಿಡಿದಿದ್ದಳು.

"ಸಿಕ್ತಾ ಅಕ್ಕಾ ಗುರುತು?"

"ಸಿಕ್ತು."

"ಬಿಡ್ತಾರಾ ಅವರನ್ನ?"

"ನಿನ್ನ ಗಂಡ ಆ ಮುಖ ಬರೆದಿಲ್ಲ ಅಂತ ನಾನು ಈಗ ಯಾರ ಮುಂದೆ ಬೇಕಾದರೂ ತೋರಿಸಬಲ್ಲೆ. ಆದರೆ ತೋರಿಸಿದ ಕೂಡಲೇ ಅವರು ಕೇಳೋ ಮುಂದಿನ ಪ್ರಶ್ನೆ, ಹಾಗಾದರೆ ಬರೆದೋರು ಯಾರು ಅಂತ." ಆಕೆ ಅವಳ ಕೈಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕೆಂಪು. "ಕರಣೆ ಹಿಡಿದ ಕೈ. ಕೆಳಗಿನಿಂದ ಮೇಲಕ್ಕೆ ಎಳೆದಿದ್ದೀಯ."

ಅವಳು ಅಳುತ್ತಾಳೆಂದು ಆಕೆ ಅಂದುಕೊಂಡಿದ್ದಳು. ಅವಳು ಅಳಲಿಲ್ಲ. ಮುಖ ಗಟ್ಟಿಯಾಯಿತು.

"ಅದೊಂದು ನನಗೇ ಗೊತ್ತಿರಲಿಲ್ಲ ನೋಡಿ" ಎಂದಳು. "ಗೆರೆ ಹಾಕಿದ್ದು ಗೊತ್ತಿತ್ತು."

"ಗೊತ್ತಿತ್ತಾ?"

"ಕೈ ತಪ್ಪಿ ಬಿದ್ದದ್ದು ಅಂದ್ಕೊಂಡ್ರಾ ಅಕ್ಕಾ? ಬೇಕೂಂತಲೇ ಎಳೆದದ್ದು. ಆ ಹದಿನೇಳು ಗೆರೆ ಎಳೆಯೋಕೇ ಇಷ್ಟೆಲ್ಲ ಮಾಡಿದ್ದು. ಮುಂಚೆ ಬರೆದದ್ದರಲ್ಲಿ ಅದಿರಲಿಲ್ಲ."

"ಮುಂಚೆ ಬರೆದದ್ದು ಅಂದರೆ?"

"ಹನ್ನೊಂದು ದಿನದ ಹಿಂದೆ ನನ್ನ ಗಂಡ ಗೋಡೆಯಿಂದ ಕಿತ್ತರಲ್ಲ, ಅದೂ ನಾನು ಬರೆದದ್ದೇ. ಆರು ವರ್ಷ ಇತ್ತು ಅಲ್ಲಿ. ಒಬ್ಬರಿಗೂ ಗೊತ್ತಾಗಲಿಲ್ಲ, ಮೇಷ್ಟರಿಗೂ ಗೊತ್ತಾಗಲಿಲ್ಲ. ದಿನಾ ಅದರ ಮುಂದೆ ನಿಂತು ಕಣ್ಣು ಒರೆಸಿಕೊಳ್ತಿದ್ದರು ಅವರು. ನಾನು ಕೆಳಗೆ ಕೂತು ಬಣ್ಣ ಅರೀತಿದ್ದೆ. ಆ ಸುಳ್ಳು ತಡೆಯೋಕಾಗಲಿಲ್ಲ ಅಕ್ಕಾ. ಕಿತ್ತು ಪುಡಿ ಮಾಡಿ ಸುಣ್ಣದ ಗುಂಡಿಗೆ ಹಾಕಿದ್ವಿ. ಒಪ್ಪುಗೆರೆ ಇಟ್ಟು ಹೊಸದು ಬರೆದೆ. ಹತ್ತಿರ ಬಂದು ನೋಡೋರು ಯಾರಾದರೂ ಬರಲಿ ಅಂತ. ನೀವು ಬಂದ್ರಿ."

ಇನ್ಸ್‌ಪೆಕ್ಟರಿಗೆ ಲಾಕಪ್ಪಿನ ಹೇಳಿಕೆ ನೆನಪಾಯಿತು. 'ನಾನೇ ತೆಗೆದದ್ದು.' ಗಾರೆಯವನು ಹೇಳಿದ್ದು ಅದೊಂದೇ ಮಾತು. ಅದರಲ್ಲಿ ಸುಳ್ಳೇ ಇರಲಿಲ್ಲ. ತೆಗೆದದ್ದು ಹೆಂಡತಿ ಬರೆದ ನಕಲನ್ನು.

"ನಿಜವಾದ ಮುಖ ಎಲ್ಲಿದೆ?"

ನಡುಮನೆಯಿಂದ ಅತ್ತಿಗೆ ಮೈದುನರ ಜಗಳ ಮತ್ತೆ ಶುರುವಾದದ್ದು ಕೇಳಿಸುತ್ತಿತ್ತು. ಅವಳು ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಮೊದಲು ನನ್ನ ಗಂಡ ಲಾಕಪ್ಪಿನಿಂದ ಹೊರಗೆ ಬರಲಿ."

"ಚೌಕಾಸಿ ಮಾಡಬೇಡ ನನ್ನ ಹತ್ತಿರ. ನೀನು ಹೇಳದೆ ಅವನು ಬರೋದಿಲ್ಲ. ನಾಳೆ ನನ್ನ ಜೊತೆ ಬಾ. ಆರು ವರ್ಷದ ಹಿಂದೆ ಯಾರು ಬರೆಸಿದರು, ನಿಜವಾದದ್ದನ್ನ ಯಾರಿಗೆ ಕೊಟ್ಟಿರಿ, ಎಲ್ಲ ಜಡ್ಜ್ ಮುಂದೆ ಹೇಳು. ನಿನ್ನ ಪಕ್ಕ ನಾನು ನಿಲ್ತೀನಿ. ಕೋರ್ಟು ಕಿವುಡಲ್ಲ."

ಅವಳು ಆಕೆಯನ್ನೇ ದಿಟ್ಟಿಸಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಹಗೆ ಇತ್ತು. ಆ ಬೀದಿಯಲ್ಲಿ ಮುಚ್ಚಿದ ಎಲ್ಲ ಕಿಟಕಿಗಳ ಹಗೆ.

"ಆರು ವರ್ಷದ ಹಿಂದೆ ಆ ಮುಖವನ್ನ ಇನ್ನೊಂದು ಮನೆ ಗೋಡೆಗೆ ಕೂರಿಸಿ, ಸುತ್ತ ಗಾರೆ ಹಾಕಿದ್ದು ನನ್ನ ಗಂಡನೇ. ಊಟದ ಮನೆ ಗೋಡೆ. ಕೆಲಸ ಮುಗಿದ ಮೇಲೆ ಆ ಮನೆಯ ದೊಡ್ಡವರು ತಮ್ಮ ಕೈಯಾರೆ ನಮ್ಮಿಬ್ಬರಿಗೂ ನೀರು ಕೊಟ್ಟರು. 'ಕೆಲಸ ಚೆನ್ನಾಗಿದೆ. ನಿಮ್ಮ ಮುಖ ನನಗೆ ನೆನಪಿರುತ್ತೆ' ಅಂದರು."

"ಯಾರ ಮನೆ ಅದು?"

"ನಾಳೆ ಹನ್ನೊಂದು ಗಂಟೆಗೆ ನನ್ನ ಗಂಡ ಯಾರ ಮುಂದೆ ಕೈಕಟ್ಟಿ ನಿಲ್ಲಬೇಕೋ, ಅವರ ಮನೆ."